ಅಲ್ಲಾಡಿಸದೆ ನಂಬದ ಮಾವ

ನಾನು ಹುಟ್ಟಿದ್ದನ್ನು ನಮ್ಮ ಮಾವ ನಂಬಲಿಲ್ಲ!

ತಮಾಷೆಗೆ ಹೇಳುತ್ತಿಲ್ಲ. ಮಾವ ಅಂದರೆ ನನ್ನ ಗಂಡನ ಅಪ್ಪ ಅಲ್ಲ. ಅವರು ಪಾಪ ಎಲ್ಲವನ್ನೂ ನಂಬುತ್ತಾರೆ, ಟೀವಿಯ ಜಾಹೀರಾತನ್ನೂ. ನಾನು ಹೇಳುತ್ತಿರುವುದು ನನ್ನಮ್ಮನ ಅಣ್ಣನ ವಿಷಯ. ನಾನು ಹುಟ್ಟಿದ್ದು ಹೊಳೆನರಸೀಪುರದ ಆಸ್ಪತ್ರೆಯಲ್ಲಿ, ಡಾಕ್ಟರು ಹೇಳಿದ ದಿನಕ್ಕಿಂತ ಹದಿನೈದು ದಿನ ಮುಂಚೆ. ಸುದ್ದಿ ಮುಟ್ಟಿಸಲು ನಮ್ಮ ಚಿಕ್ಕಪ್ಪ ಚನ್ನರಾಯಪಟ್ಟಣದ ಕಡೆಯ ಮಾವನ ಊರಿಗೆ ಹೋದಾಗ, ಮಾವ ಯಾರದೋ ಮನೆಯ ಅಟ್ಟದಲ್ಲಿ ತೆಂಗಿನಕಾಯಿಗಳ ನಡುವೆ ಸೊಂಟದವರೆಗೆ ಹೂತುಕೊಂಡಿದ್ದರಂತೆ. ತಂಗಿಗೆ ಹೆಣ್ಣು ಮಗು ಆಗಿದೆ ಅಂತ ಚಿಕ್ಕಪ್ಪ ಕೆಳಗಿನಿಂದ ಕೂಗಿದರು. ಮೇಲಿನಿಂದ ಬಂದದ್ದು ಒಂದೇ ಮಾತು.

"ಬುರ್ಡೆ."

ಹಾಗಂತ ಬರದೆ ಇದ್ದಾರೆಯೇ? ಅಟ್ಟದಿಂದ ಇಳಿದು, ಮೈಮೇಲಿನ ನಾರು ಕೊಡವಿಕೊಂಡು, ಎರಡು ಬಸ್ಸು ಬದಲಾಯಿಸಿ ಬಂದರು. ಬಂದವರು ತಂಗಿಯನ್ನು ಹೇಗಿದ್ದೀಯಾ ಅಂತಲೂ ಕೇಳಲಿಲ್ಲ. ಬಟ್ಟೆಯ ಸಮೇತ ನನ್ನನ್ನು ಎತ್ತಿ, ಬಲಗಿವಿಯ ಹತ್ತಿರ ಹಿಡಿದು, ಎರಡು ಸಲ ಮೆಲ್ಲಗೆ ಅಲ್ಲಾಡಿಸಿದರಂತೆ. ನಾನು ಕಿಟಾರನೆ ಕಿರುಚಿಕೊಂಡೆ. ಮಾವ ಸಮಾಧಾನದಿಂದ ನನ್ನನ್ನು ವಾಪಸು ಮಲಗಿಸಿ, "ಊಂ, ಐತೆ" ಅಂದು ಹೊರಗೆ ಹೋಗಿ ಬೀಡಿ ಹಚ್ಚಿದರಂತೆ. ಕೂಸೇನು ತೆಂಗಿನಕಾಯಿಯೇ ಅಂತ ಅಜ್ಜಿ ಆಸ್ಪತ್ರೆಯ ವರಾಂಡದಲ್ಲಿ ನಿಂತು ಉಗಿದದ್ದೂ ಕತೆಯಲ್ಲಿದೆ.

ಈ ಕತೆಯನ್ನು ನಾನು ನೂರು ಸಲ ಕೇಳಿದ್ದೇನೆ. ಹೇಳುವವರು ಬದಲಾದ ಹಾಗೆ ಅಲ್ಲಾಡಿಸಿದ್ದು ಎರಡು ಸಲದಿಂದ ಹತ್ತು ಸಲಕ್ಕೆ ಏರಿದೆ. ನಮ್ಮ ದೊಡ್ಡಮ್ಮನ ಪ್ರಕಾರ ಮಾವ ನನ್ನನ್ನು ತಲೆಕೆಳಗೂ ಮಾಡಿದ್ದರು. ನಿಜ ಏನು ಅಂತ ಮಾವನನ್ನೇ ಕೇಳೋಣ ಅಂದರೆ, ಅವರ ಉತ್ತರ ನಿಮಗೆ ಗೊತ್ತೇ ಇದೆ.

"ಬುರ್ಡೆ ಕಣವ್ವ. ಯಾವನ್ ಯೇಳ್ದ ನಿಂಗೆ?"

ಈಗ ಮಾವನ ಕಸುಬಿನ ಬಗ್ಗೆ ಸ್ವಲ್ಪ ಹೇಳಬೇಕು, ಇಲ್ಲದಿದ್ದರೆ ನೀವು ಅವರನ್ನು ಬರೀ ತಿಕ್ಕಲು ಅಂದುಕೊಳ್ಳುತ್ತೀರಿ. ಅವರ ಊರಿನಲ್ಲಿ ತೆಂಗಿನಕಾಯಿಯನ್ನು ಸಿಪ್ಪೆಯ ಸಮೇತ ಅಟ್ಟಕ್ಕೆ ಏರಿಸಿ ಹತ್ತು ಹನ್ನೊಂದು ತಿಂಗಳು ಮರೆತುಬಿಡುತ್ತಾರೆ. ಒಳಗಿನ ನೀರು ಇಂಗಿ, ತಿರುಳು ಒಣಗಿ, ಕರಟದಿಂದ ತಾನಾಗಿಯೇ ಬಿಟ್ಟುಕೊಂಡು ಉಂಡೆ ಕೊಬ್ಬರಿ ಆಗುತ್ತದೆ. ಇದಕ್ಕೆ ಅಲ್ಲಿ ಗಿಟಕು ಅನ್ನುತ್ತಾರೆ. ತೊಂದರೆ ಏನೆಂದರೆ, ಒಡೆಯದೆ ಒಳಗೇನಾಗಿದೆ ಅಂತ ಗೊತ್ತಾಗುವುದಿಲ್ಲ. ಹೊತ್ತಿಗೆ ಮುಂಚೆ ಒಡೆದರೆ ಹಸಿ ತಿರುಳು ಚೂರುಚೂರಾಗಿ ವರ್ಷದ ಕಾಯುವಿಕೆ ಹಾಳು. ಅದಕ್ಕೇ ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಬೇಕು. ಲೊಡಲೊಡ ಅಂದರೆ ಗಿಟಕು. ಗುಳುಗುಳು ಅಂದರೆ ಇನ್ನೂ ನೀರಿದೆ. ಏನೂ ಅನ್ನದಿದ್ದರೆ ಅದು ಬುರುಡೆ, ಕೈಲಿ ಹಿಡಿದು ಪ್ರಯೋಜನವಿಲ್ಲ.

ಅಲ್ಲಾಡಿಸುವುದು ಯಾರಿಗೆ ಬರುವುದಿಲ್ಲ? ಆದರೆ ಮಾವನ ಕಿವಿಯೇ ಬೇರೆ. ಲೊಡಲೊಡದಲ್ಲೂ ಹದಿನೈದು ದಿನದ ಹಿಂದಿನದು, ನಿನ್ನೆ ಬಿಟ್ಟುಕೊಂಡದ್ದು, ಇನ್ನೊಂದು ವಾರ ಇರಲಿ ಅನ್ನುವುದು ಎಂಬ ಭೇದಗಳನ್ನು ಅವರು ಹೇಳುತ್ತಿದ್ದರು. ಅವರು ಬಂದು ಅಲ್ಲಾಡಿಸಿ ಹೂಂ ಅನ್ನದೆ ಆ ಊರಿನಲ್ಲಿ ಯಾರೂ ಅಟ್ಟದ ಕಾಯಿಗೆ ಮಚ್ಚು ಮುಟ್ಟಿಸುತ್ತಿರಲಿಲ್ಲ. ಇದಕ್ಕೆ ಅವರು ಏನೂ ತೆಗೆದುಕೊಳ್ಳುತ್ತಿರಲಿಲ್ಲ; ಒಂದು ಲೋಟ ಕಾಫಿ, ಅಷ್ಟೇ. ಊರು ತಮ್ಮನ್ನು ಕರೆಯುತ್ತದೆ ಅನ್ನುವುದೇ ಅವರಿಗೆ ಬೇಕಾಗಿದ್ದದ್ದು.

ಹೀಗೆ ಐವತ್ತು ವರ್ಷ ಅಲ್ಲಾಡಿಸಿ ನೋಡಿದ ಮನುಷ್ಯ ತೆಂಗಿನಕಾಯಿಗೆ ಮಾತ್ರ ನಿಲ್ಲಿಸುತ್ತಾನೆಯೇ? ಮಾವನಿಗೆ ಪ್ರಪಂಚವೇ ಒಂದು ಅಟ್ಟ. ಅದರಲ್ಲಿರುವುದೆಲ್ಲ ಅಲ್ಲಾಡಿಸಿ ನೋಡುವವರೆಗೆ ಬುರುಡೆ.

ನಾನು ಹೈಸ್ಕೂಲಿನಲ್ಲಿ ಕನ್ನಡ ಹೇಳಿಕೊಡುವವಳು. ನಂಬಲಸಾಧ್ಯ, ಅವಿಶ್ವಸನೀಯ, ಅಸಂಭವ ಮುಂತಾದ ಪದಗಳನ್ನು ಮಕ್ಕಳಿಗೆ ಕೊಟ್ಟು ಸ್ವಂತ ವಾಕ್ಯದಲ್ಲಿ ಬಳಸಿ ಅಂತ ಪೀಡಿಸುವುದು ನನ್ನ ಉದ್ಯೋಗ. ಮಾವನಿಗೆ ಇಷ್ಟೊಂದು ಸಾಮಾನು ಬೇಕಿಲ್ಲ. ನಿಘಂಟು ತೆಗೆದರೆ ಬುರುಡೆಗೆ ತಲೆಯ ಚಿಪ್ಪು, ಒಣಗಿದ ಸೋರೆಕಾಯಿ, ದೀಪ, ಪೊಳ್ಳು ಮಾತು ಅಂತ ಏನೇನೋ ಅರ್ಥ ಸಿಗುತ್ತದೆ. ಅದರ ಬಳಕೆ ತಿಳಿಯಬೇಕಾದರೆ ಮಾವನ ಜಗಲಿಗೇ ಹೋಗಬೇಕು. ಚುಟುಕಾಗಿ "ಬುರ್ಡೆ" ಅಂದರೆ, ನೀನು ಹೇಳಿದ್ದು ಕೇಳಿಸಿತು, ಮುಂದೆ ಹೇಳು ಅಂತ. ರಕಾರವನ್ನು ಎಳೆದು "ಬುರ್ರ್‌ಡೆ" ಅಂದರೆ, ವಿಷಯ ಆಸಕ್ತಿಕರವಾಗಿದೆ, ಬಂದು ನೋಡುತ್ತೇನೆ ಅಂತ. ಹೆಗಲ ಮೇಲಿನ ಟವಲು ತೆಗೆದು ಒಮ್ಮೆ ಒದರಿ "ಬುರ್ಡೆ" ಅಂದರೆ, ಚಪ್ಪಲಿ ಎಲ್ಲಿ, ಈಗಲೇ ಹೊರಟೆ ಅಂತ. ಒಂದು ಸಲ ನಾನು, ಹೊಸದಾಗಿ ಕೆಲಸಕ್ಕೆ ಸೇರಿದ ಹುಮ್ಮಸ್ಸಿನಲ್ಲಿ, ಮಾವನಿಗೆ ಊರಿನವರೆಲ್ಲ ಸುಳ್ಳುಗಾರರಾಗಿ ಕಾಣುತ್ತಾರೆಯೇ ಅಂತ ಜಗಳಕ್ಕೆ ಹೋದೆ. ಮಾವ ಬೇಜಾರು ಮಾಡಿಕೊಳ್ಳಲಿಲ್ಲ.

"ಸುಳ್ಳು ಅಂದ್ರೆ ಯೇಳ್ದವ್ನ ತಪ್ಪು ಕಣವ್ವ. ಬುರ್ಡೆ ಅಂದ್ರೆ ನಾನಿನ್ನೂ ಅಲ್ಲಾಡ್ಸಿ ನೋಡಿಲ್ಲ ಅಂತ. ಅದ್ರಾಗೆ ಯಾರ ತಪ್ಪೂ ಇಲ್ಲ."

ಎರಡು ಪದಗಳ ಅರ್ಥವ್ಯತ್ಯಾಸವನ್ನು ಇಷ್ಟು ಚೊಕ್ಕವಾಗಿ ನನ್ನ ಯಾವ ಗುರುಗಳೂ ಹೇಳಿಕೊಟ್ಟಿರಲಿಲ್ಲ. ಆದರೆ ಇದನ್ನು ಒಪ್ಪಿಕೊಂಡು ಅವರ ಜೊತೆ ಬಾಳುವುದು ಬೇರೆ ಮಾತು. ಅದು ಅತ್ತೆಗೆ ಗೊತ್ತು.

ಅತ್ತೆ ಮದುವೆಯಾಗಿ ಬಂದ ದಿನದಿಂದ ಅಡುಗೆ ಆಯಿತು ಬನ್ನಿ ಅಂತ ಕರೆದರೆ ಮಾವ ಬುರ್ಡೆ ಅಂದೇ ಒಳಗೆ ಬರುವುದು, ಮುಚ್ಚಳ ತೆಗೆದು ನೋಡಿಯೇ ಕೂರುವುದು. ಅನ್ನ ಕಂಡ ಮೇಲೆ ಸಾರಿನ ಪಾತ್ರೆ, ಆಮೇಲೆ ಮುದ್ದೆ. ಹನ್ನೆರಡು ವರ್ಷ ಸಹಿಸಿಕೊಂಡ ಅತ್ತೆ ಒಂದು ದಿನ ಮೂರು ಪಾತ್ರೆಗೂ ಚೆನ್ನಾಗಿ ಮುಚ್ಚಳ ಮುಚ್ಚಿ, ಎಲೆ ಹಾಕಿ, ನೀರಿಟ್ಟು ಕರೆದರು. ಮಾವ ಬುರ್ಡೆ ಅಂದುಕೊಂಡು ಬಂದು ಮುಚ್ಚಳ ತೆಗೆದರೆ ಪಾತ್ರೆ ಖಾಲಿ. ಎರಡನೆಯದೂ ಖಾಲಿ, ಮೂರನೆಯದೂ. "ದಿನಾ ನಿಮ್ ಮಾತು ಸುಳ್ಳಾಗ್ತಿತ್ತು. ಇವತ್ತೊಂದಿನ ನಿಜ ಆಗ್ಲಿ ಅಂತ ಬುಟ್ಟೆ" ಅಂತ ಅತ್ತೆ ಎಲೆಅಡಿಕೆ ಮಡಿಚಿ ಬಾಯಿಗಿಟ್ಟರು. ಮಾವ ಆ ದಿನ ಮೂರು ಬಾಳೆಹಣ್ಣು ತಿಂದು ಮಲಗಿದರಂತೆ. ಮಾರನೇ ದಿನ ಸುಧಾರಿಸಿದರೇ? ಮುಚ್ಚಳ ತೆಗೆಯುವುದನ್ನು ಬಿಟ್ಟರು; ಪಾತ್ರೆಯನ್ನು ಅಲ್ಲಾಡಿಸಿ ನೋಡತೊಡಗಿದರು!

ಮಾವನ ಜೊತೆ ಪ್ರಯಾಣ ಹೊರಡುವುದು ಇನ್ನೊಂದು ಯೋಗ. ಒಮ್ಮೆ ಹಾಸನದಲ್ಲಿ ನೆಂಟರ ಮದುವೆಗೆಂದು ನಾನೂ ಅವರೂ ಹೊಳೆನರಸೀಪುರದ ಬಸ್‌ಸ್ಟ್ಯಾಂಡಿನಲ್ಲಿ ನಿಂತಿದ್ದೆವು. ಹಾಸನ ಅಂತ ಬೋರ್ಡು ಹಾಕಿಕೊಂಡ ಬಸ್ಸು ಬಂತು. ಬೋರ್ಡನ್ನು ಯಾರು ಬೇಕಾದರೂ ಹಾಕಬಹುದು ಅನ್ನುವುದು ಮಾವನ ವಾದ. ಕಂಡಕ್ಟರನ್ನು ಕೇಳಿದರು, ಹಾಸನಕ್ಕೇ ಅಂದ. ಡ್ರೈವರನ್ನು ಕೇಳಿದರು. ಅವನು, "ಹಾಸನಕ್ಕೇ ಸಾ, ಅತ್ಕಳಿ" ಅಂದ. ಇಬ್ಬರೂ ಒಂದೇ ಬಸ್ಸಿನವರು, ಮಾತಾಡಿಕೊಂಡಿರಬಹುದು. ಕಿಟಕಿಯ ಪಕ್ಕ ಕೂತಿದ್ದ ಅಜ್ಜಿಯೊಬ್ಬಳನ್ನು ಕೇಳಿದರು. ಅವಳು ನಿಧಾನವಾಗಿ ಯೋಚಿಸಿ, "ನಂಗೊತ್ತಿಲ್ಲ ಕಣಪ್ಪ, ಎಲ್ರೂ ಅತ್ತಿದ್ರು ಅಂತ ನಾನೂ ಅತ್ತಿವ್ನಿ" ಅಂದಳು. ಮಾವ ಗೆದ್ದವರಂತೆ ನನ್ನ ಕಡೆ ತಿರುಗುವಷ್ಟರಲ್ಲಿ ಬಸ್ಸು ಹೊರಟೇ ಹೋಯಿತು. ನನಗೆ ಅಳುವೇ ಬಂತು. ಮಾವ ಮಾತ್ರ ಹಣೆಗೆ ಕೈ ಅಡ್ಡ ಹಿಡಿದು, ಬಸ್ಸು ತಿರುವಿನಲ್ಲಿ ಮರೆಯಾಗುವವರೆಗೆ ನೋಡಿ, ತೃಪ್ತಿಯಿಂದ ತಲೆಯಾಡಿಸಿದರು.

"ಹಾಸನದ ರೋಡ್ಗೇ ತಿರೀಕತು ಕಣವ್ವ. ನಿಜಾನೇ ಯೇಳವ್ನೆ."

ನಾವು ಮದುವೆ ಮನೆ ಸೇರಿದಾಗ ಕೊನೆಯ ಪಂಕ್ತಿಗೆ ಎಲೆ ಹಾಕುತ್ತಿದ್ದರು. ಹಾರ ಹಾಕಿಕೊಂಡು ನಿಂತಿದ್ದ ಗಂಡುಹೆಣ್ಣನ್ನು ತೋರಿಸಿ ಯಾರೋ ಮಾವನಿಗೆ ಧಾರೆ ಆಯಿತು ಅಂದರು. ಮಾವ ಟವಲಿಗೆ ಕೈ ಹಾಕಿದ್ದನ್ನು ನೋಡಿ ನಾನು ಅವರನ್ನು ಊಟದ ಹಾಲಿಗೆ ಎಳೆದುಕೊಂಡು ಹೋದೆ.

ಇಂಥವರನ್ನು ಊರು ಹೇಗೆ ಇಟ್ಟುಕೊಂಡಿತ್ತು ಅಂತ ನೀವು ಕೇಳಬಹುದು. ಇಟ್ಟುಕೊಂಡಿತ್ತಷ್ಟೇ ಅಲ್ಲ, ಶುಭಕಾರ್ಯಕ್ಕೆ ಬಳಸಿಕೊಳ್ಳುತ್ತಿತ್ತು! ನಮ್ಮ ಕಡೆ ಗಂಡಿನವರು ಬಂದು ಹೆಣ್ಣು ನೋಡಿ ಒಪ್ಪಿದ ಮೇಲೆ ಹೆಣ್ಣಿನವರು ಹೋಗಿ ಗಂಡಿನ ಮನೆ ನೋಡುವ ಪದ್ಧತಿ ಇದೆ. ಆವತ್ತು ಗಂಡಿನವರು ಆಡುವ ಮಾತಿಗೆ ತೂಕ ಅಳತೆ ಇರುವುದಿಲ್ಲ. ಆದ್ದರಿಂದ ಮಾವನ ಊರಿನಿಂದ ಮನೆ ನೋಡಲು ಹೊರಡುವ ಪ್ರತಿಯೊಂದು ಜೀಪಿನಲ್ಲಿ ಮಾವನಿಗೆ ಒಂದು ಸೀಟು ಮೀಸಲು. ನೆಂಟಸ್ತನ ಕೆಡದ ಹಾಗೆ ಅನುಮಾನ ಪಡಲು ಬೇರೆ ಯಾರಿಗೆ ಬರುತ್ತದೆ? ಮಾವ ಬುರ್ಡೆ ಅಂದರೆ, ಅವರು ಬಿಡಿ, ಅವರ ಸ್ವಭಾವವೇ ಹಾಗೆ ಅಂತ ನಗಬಹುದು. ನಕ್ಕುಕೊಂಡೇ ಎಲ್ಲ ನೋಡಿಯೂ ಬಿಡಬಹುದು.

ಮಾವನ ಎದುರು ಮನೆಯ ಹುಡುಗಿಗೆ ಅರಕಲಗೂಡಿನ ಕಡೆಯ ಗಂಡು ಗೊತ್ತಾಯಿತು. ಹುಡುಗ ಎಂಜಿನಿಯರು, ತೋಟದ ಬೋರ್‌ವೆಲ್ಲಿನಲ್ಲಿ ಮೂರಿಂಚು ನೀರು ಅಂತ ಹುಡುಗನ ಅಪ್ಪ ಉಪ್ಪಿಟ್ಟು ಕೇಸರಿಬಾತಿನ ಮುಂದೆ ಹೇಳಿದರು. ಮಾವ ಟವಲು ಒದರಿದರು. ಹುಡುಗಿಯ ಅಪ್ಪ ಕಾಲು ತುಳಿದರೂ ಮಾವ ಎದ್ದು ತೋಟದ ದಾರಿ ಹಿಡಿದಾಗಿತ್ತು. ತೋಟದಲ್ಲಿ ಕರೆಂಟು ಇರಲಿಲ್ಲ. ಬರುವವರೆಗೆ ಇರುತ್ತೇನೆ ಅಂತ ಮಾವ ಪಂಪ್‌ಹೌಸಿನ ಮುಂದೆ ಬದುವಿನ ಮೇಲೆ ಕೂತೇಬಿಟ್ಟರು. ನೆಂಟರನ್ನು ಒಬ್ಬರನ್ನೇ ಬಿಡುವುದು ಮರ್ಯಾದೆಯಲ್ಲ ಅಂತ ಗಂಡಿನವರೂ ಬಂದು ಕೂತರು. ಗಂಡಿನವರನ್ನು ಬಿಡುವುದು ಮರ್ಯಾದೆಯಲ್ಲ ಅಂತ ಹೆಣ್ಣಿನವರೂ ಬಂದರು. ಮಧ್ಯಾಹ್ನದ ಊಟ ತೋಟಕ್ಕೇ ಬಂತು.

ನಾಲ್ಕು ಗಂಟೆಗೆ ಕರೆಂಟು ಬಂತು, ಮೋಟರು ಮಾತ್ರ ಉಸಿರೆತ್ತಲಿಲ್ಲ. ಫ್ಯೂಸು ಹೋಗಿತ್ತು. ಎಲ್ಲರೂ ಎಂಜಿನಿಯರ್ ಹುಡುಗನ ಮುಖ ನೋಡಿದರು. ಅವನು ಕರ್ಚೀಫಿನಿಂದ ಕೈ ಒರೆಸಿಕೊಂಡು ಫ್ಯೂಸನ್ನು ಭಕ್ತಿಯಿಂದ ನೋಡಿ, ಜೇಬಿನಿಂದ ಫೋನು ತೆಗೆದು ಎಲೆಕ್ಟ್ರಿಷಿಯನ್ನಿಗೆ ಹಚ್ಚಿದ. ಅಷ್ಟರಲ್ಲಿ ಅವನ ತಾಯಿ ಸೆರಗು ಸೊಂಟಕ್ಕೆ ಸಿಕ್ಕಿಸಿ ಬಂದು, ತಂತಿಯ ಎಳೆಯೊಂದನ್ನು ಹಲ್ಲಿನಲ್ಲಿ ಬಿಡಿಸಿ, ಫ್ಯೂಸು ಕಟ್ಟಿ, ಸ್ಟಾರ್ಟರು ಒತ್ತಿದರು. ನೀರು ಧೋ ಅಂತ ಬಂತು. ಮಾವ ಬೊಗಸೆಯಲ್ಲಿ ಹಿಡಿದು ಕುಡಿದು, ಮೀಸೆ ಒರೆಸಿಕೊಂಡು ಹುಡುಗಿಯ ಅಪ್ಪನಿಗೆ ತೀರ್ಪು ಕೊಟ್ಟರು.

"ನೀರು ಐತೆ. ಎಂಜಿನಿಯರ್ ಅನ್ನಾದು ಬುರ್ಡೆ. ಆದ್ರೆ ಅತ್ತೆ ಗಟ್ಟಿ. ಎಣ್ಣು ಕೊಡಪ್ಪ."

ಮದುವೆ ಆಯಿತು. ಹುಡುಗಿ ಸುಖವಾಗಿದ್ದಾಳೆ, ಫ್ಯೂಸು ಈಗಲೂ ಅತ್ತೆಯ ಖಾತೆ.

ಇನ್ನು ಗ್ಯಾಸಿನವನು ಸಿಲಿಂಡರು ತಂದಾಗ ಮಾವ ಅದನ್ನು ತಬ್ಬಿಕೊಂಡು ಅಲ್ಲಾಡಿಸಿದ್ದು, ಮೊಮ್ಮಗಳ ಫೋನಿನಲ್ಲಿ ಮಳೆ ಅಂತ ತೋರಿಸಿದಾಗ ಫೋನನ್ನೇ ಅಲ್ಲಾಡಿಸಿದ್ದು, ಇದೆಲ್ಲ ಹೇಳುತ್ತ ಕೂತರೆ ಮುಗಿಯುವುದಿಲ್ಲ. ಕಳೆದ ಸಲ ಓಟಿನ ದಿನ ಬಟನ್ ಒತ್ತಿದ ಮೇಲೆ ಮಾವ ಯಂತ್ರದ ಮುಂದಿನಿಂದ ಕದಲಲಿಲ್ಲವಂತೆ. ಶಬ್ದ ಬಂದರೆ ತಾನೇ ಓಟು ಬಿದ್ದ ಹಾಗೆ, ಬಂದೇ ಇಲ್ಲ ಅಂತ ವಾದ. ಬಂತು ಅಜ್ಜ, ಹೊರಗಿನ ಕ್ಯೂಗೂ ಕೇಳಿಸಿತು ಅಂತ ಅಧಿಕಾರಿ ಹೇಳಿದರೆ, ಬುರ್ಡೆ. ಕೊನೆಗೆ ಇಬ್ಬರು ಕೈ ಹಿಡಿದು ಹೊರಗೆ ತಂದು ಬಿಟ್ಟರಂತೆ. ಮಾವನ ಮಗ ಇದನ್ನು ಅಭಿನಯಿಸಿ ತೋರಿಸಿದಾಗ ನಾವೆಲ್ಲ ಬಿದ್ದು ಬಿದ್ದು ನಕ್ಕೆವು. ಆವತ್ತು ನಾನು ನಗಬಾರದಿತ್ತು.

ಆ ವರ್ಷವೇ ಅದು ಬೆಳಕಿಗೆ ಬಂದದ್ದು. ಕಾಯಿ ಒಡೆಯುವ ಕಾಲ ಬಂತು. ಎದುರು ಮನೆಯವರು ವಾಡಿಕೆಯಂತೆ ಮಾವನನ್ನು ಕರೆದರು. ಮಾವ ಅಟ್ಟ ಹತ್ತಿ ಹತ್ತು ಕಾಯಿ ಅಲ್ಲಾಡಿಸಿದರು, ಹತ್ತೂ ಬುರುಡೆ. ಇನ್ನೊಂದು ಮೂಲೆಯಿಂದ ತೆಗೆಸಿದರು, ಅವೂ ಬುರುಡೆ. ಇಷ್ಟೂ ಬುರುಡೆ ಆಗಲಿಕ್ಕಿಲ್ಲ, ಹದಿನೈದು ದಿನ ಬಿಟ್ಟು ನೋಡೋಣ ಅಂದು ಇಳಿದು, ಕಾಫಿ ಕುಡಿದು ಹೋದರು. ಪಕ್ಕದ ಮನೆಯಲ್ಲೂ ಹಾಗೇ. ಮೂಲೆಮನೆಯಲ್ಲೂ ಹಾಗೇ. ಊರಿಗೆ ಊರೇ ಗಾಬರಿಯಾಯಿತು. ಒಬ್ಬರು ನುಸಿ ರೋಗ ಅಂದರು, ಇನ್ನೊಬ್ಬರು ಗೊಬ್ಬರ ಅಂದರು, ಮೊಬೈಲ್ ಟವರಿನ ಮೇಲೂ ಅಪವಾದ ಬಂತು. ಮಾವನ ಕಿವಿಯ ಮೇಲೆ ಮಾತ್ರ ಯಾರಿಗೂ ಅನುಮಾನ ಬರಲಿಲ್ಲ. ಐವತ್ತು ವರ್ಷ ಯಾರನ್ನೂ ನಂಬದಿದ್ದ ಮನುಷ್ಯನನ್ನು ಊರು ಅಷ್ಟು ನಂಬಿತ್ತು!

ಒಂದು ತಿಂಗಳು ಕಾದು ಸಾಕಾಗಿ ಎದುರು ಮನೆಯಾಕೆ ಹಿತ್ತಿಲಿನಲ್ಲಿ ಗುಟ್ಟಾಗಿ ಒಂದು ಕಾಯಿ ಒಡೆದಳು. ಒಳಗೆ ಹೊನ್ನಿನಂಥ ಉಂಡೆ ಕೊಬ್ಬರಿ. ಇನ್ನೊಂದು ಒಡೆದಳು, ಅದೂ ಹಾಗೇ. ಉಳಿದ ಕಾಯಿಗಳನ್ನು ಕೈಗೆತ್ತಿಕೊಂಡರೆ ಲೊಡಲೊಡ ಅನ್ನುವುದು ಹತ್ತು ಮಾರು ದೂರಕ್ಕೆ ಕೇಳುತ್ತಿತ್ತಂತೆ. ಆಗ ಎಲ್ಲರಿಗೂ ಒಮ್ಮೆಗೇ ಅರ್ಥವಾಯಿತು. ಕಾಯಿ ಸರಿಯಾಗಿತ್ತು, ಮಾವನ ಕಿವಿ ಹೋಗಿತ್ತು.

ಯಾರೂ ಮಾವನಿಗೆ ಹೇಳಲಿಲ್ಲ. ಹೇಳುವ ಬಾಯಿ ಯಾರಿಗಿತ್ತು? ಸುಮ್ಮನೆ ಅವರನ್ನು ಕರೆಯುವುದನ್ನು ಬಿಟ್ಟರು. ಬೇಸಿಗೆ ರಜಕ್ಕೆ ನಾನು ಹೋದಾಗ ಮಾವ ತೊಳೆದ ಪಂಚೆ ಉಟ್ಟು, ಟವಲು ಹೆಗಲಿಗೆ ಹಾಕಿ ಜಗಲಿಯ ಮೇಲೆ ಕೂತಿದ್ದರು. ಈ ವರ್ಷ ಯಾರ ಮನೆಯಲ್ಲೂ ಕಾಯಿ ಹದಕ್ಕೆ ಬಂದಿಲ್ಲ, ಬಂದಾಗ ಕರೆಯುತ್ತಾರೆ ಅಂದರು. ಅವರು ಹಾಗೆ ಹೇಳುತ್ತಿರುವಾಗ ಎದುರು ಮನೆಯಿಂದ ಕರಟ ಒಡೆಯುವ ಸದ್ದು ಟಕ್ ಟಕ್ ಅಂತ ಒಂದೇ ಸಮನೆ ಬರುತ್ತಿತ್ತು. ಪಕ್ಕದ ಮನೆಯಿಂದಲೂ. ಇಡೀ ಬೀದಿಯೇ ಕಾಯಿ ಒಡೆಯುತ್ತಿತ್ತು. ಅದರ ನಡುವೆ ಮಾವ ಕಾಯುತ್ತಿದ್ದರು. ಒಳಗೆ ಹೋದರೆ ಅತ್ತೆ ಒಲೆಯ ಮುಂದೆ ಕೂತು ಕಣ್ಣೊರೆಸಿಕೊಳ್ಳುತ್ತಿದ್ದರು.

ಮರುದಿನವೇ ನಾನು ಮಾವನನ್ನು ಹಾಸನಕ್ಕೆ, ಕಿವಿಯ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ನನ್ನ ಕಿವಿ ತೋರಿಸಬೇಕು, ಜೊತೆಗೆ ಬನ್ನಿ ಅಂತ ಸುಳ್ಳು ಹೇಳಿ. ಸುಳ್ಳೇ, ಬುರುಡೆ ಅಲ್ಲ, ತಪ್ಪು ನನ್ನದೇ. ಅಲ್ಲಿ ಗಾಜಿನ ಕೋಣೆಯಲ್ಲಿ ಕೂರಿಸಿ, ಕಿವಿಗೆ ಹೆಡ್‌ಫೋನು ಹಾಕಿ, ಕೈಗೆ ಒಂದು ಬಟನ್ ಕೊಟ್ಟು, ಸದ್ದು ಕೇಳಿದಾಗ ಒತ್ತಬೇಕು ಅಂತ ಸನ್ನೆ ಮಾಡಿ ತೋರಿಸಿದರು. ಗಾಜಿನಾಚೆ ನಾನು ನಿಂತಿದ್ದೆ. ಮಾವ ಒತ್ತಲಿಲ್ಲ. ತುಂಬ ಹೊತ್ತಿನ ಮೇಲೆ ಹೆಡ್‌ಫೋನು ತೆಗೆದು, ಎರಡು ಸಲ ಅಲ್ಲಾಡಿಸಿ, ಮತ್ತೆ ಹಾಕಿಕೊಂಡರು. ಪರೀಕ್ಷೆ ಮಾಡುತ್ತಿದ್ದ ಹುಡುಗಿಗೆ ನಗು ಬಂತು. ನನಗೂ ಬಂತು, ಆದರೆ ಅದು ಅರ್ಧಕ್ಕೇ ನಿಂತಿತು. ಡಾಕ್ಟರು ಕಾಗದದ ಮೇಲೆ ಕೆಳಗಿಳಿದ ಗೆರೆಯೊಂದನ್ನು ತೋರಿಸಿ ವಿವರಿಸಿದರು. ಮಾವ ಗೆರೆಯನ್ನು ನೋಡಿ, ಡಾಕ್ಟರನ್ನು ನೋಡಿ, ಚುಟುಕಾಗಿ ಬುರ್ಡೆ ಅಂದರು. ಟವಲು ಒದರಲಿಲ್ಲ.

ವಾಪಸು ಚನ್ನರಾಯಪಟ್ಟಣದ ಬಸ್ಸು ಹತ್ತಿದೆವು. ಬಸ್ಸು ಇಳಿಯುವ ಹೊತ್ತಿಗೆ ಮಾವ ನನ್ನ ಕಡೆ ತಿರುಗಿದರು.

"ಎದ್ರು ಮನೇರು ಕಾಯಿ ಒಡೀತಾವ್ರಾ?"

ನಾನು ಹೌದು ಅಂತ ತಲೆಯಾಡಿಸಿದೆ. ಮಾವ ಬುರ್ಡೆ ಅನ್ನಲಿಲ್ಲ. ಅನ್ನಲಿ ಅಂತ ನಾನು ಕಾದೆ. ನನ್ನ ಜೀವಮಾನದಲ್ಲಿ ಆ ಮಾತಿಗೆ ಅಷ್ಟು ಆಸೆಪಟ್ಟದ್ದು ಅದೇ ಮೊದಲು.

ಕಿವಿಗೆ ಹಾಕುವ ಮಿಷನ್ನು ಬಂತು. ಅದು ಎಂಟು ದಿನ ಬಾಳಿತು. ಹಾಕಿಕೊಂಡು ಅಟ್ಟ ಹತ್ತಿದರೆ ಅತ್ತೆಯ ಬಳೆ, ಹಲ್ಲಿ, ಪಂಚೆಯ ಸರಪರ ಎಲ್ಲವೂ ಸೇರಿ ಎಲ್ಲ ಕಾಯಿಯೂ ಗಿಟಕೇ! ಕೊನೆಗೆ ಮಾವ ಬರಿಗೈ ಮುಷ್ಟಿ ಹಿಡಿದು ಕಿವಿಯ ಹತ್ತಿರ ಅಲ್ಲಾಡಿಸಿದರಂತೆ, ಅದೂ ಲೊಡಲೊಡ ಅಂದಿತಂತೆ. ಎಲ್ಲದಕ್ಕೂ ಹೂಂ ಅನ್ನುವುದನ್ನು ನಂಬುವುದು ಹೇಗೆ ಅಂತ ಮಿಷನ್ನನ್ನು ಎಲೆಅಡಿಕೆ ಡಬ್ಬಿಯಲ್ಲಿ ಹಾಕಿಟ್ಟರು. ಈಗಲೂ ಅಲ್ಲೇ ಇದೆ, ಸುಣ್ಣದ ಪಕ್ಕದಲ್ಲಿ.

ಹೋದ ತಿಂಗಳು ಮಾವನ ಸ್ವಂತ ಅಟ್ಟದ ಕಾಯಿ ಇಳಿಸುವ ದಿನ ನನಗೆ ಫೋನು ಬಂತು, ಬರಲೇಬೇಕಂತೆ, ಮಾವನ ಅಪ್ಪಣೆ. ಹೋದೆ. ಅಂಗಳದಲ್ಲಿ ಕಾಯಿ ರಾಶಿ ಬಿದ್ದಿತ್ತು. ಮಾವನ ಮಗ ನನ್ನನ್ನು ಬಾಗಿಲಲ್ಲೇ ತಡೆದು, ಅಪ್ಪ ಕಾಯಿ ಕೊಟ್ಟು ಕೇಳಿದರೆ ಯಾವುದಾದರೂ ಸರಿ ಗಿಟಕು ಅನ್ನು, ಪಾಪ, ಸಂತೋಷಪಡಲಿ, ಆಮೇಲೆ ನಾವೇ ಬೇರೆ ಮಾಡಿಕೊಳ್ಳುತ್ತೇವೆ ಅಂತ ಪಾಠ ಹೇಳಿಕೊಟ್ಟ. ಒಳ್ಳೆಯ ಮನಸ್ಸಿನಿಂದಲೇ ಹೇಳಿದ. ನಾನೂ ಆಗಲಿ ಅಂದೆ.

ಮಾವ ರಾಶಿಯಲ್ಲಿ ಕೈಯಾಡಿಸಿ, ಒಂದನ್ನು ಎತ್ತಿ ತೂಗಿ, ಇಟ್ಟು, ಇನ್ನೊಂದನ್ನು ತೂಗಿ, ಕೊನೆಗೆ ಒಂದು ಕಾಯಿ ಆರಿಸಿ ಮಗನಿಗೆ ಕೊಟ್ಟರು. ಅವನು ಅಲ್ಲಾಡಿಸಿ, ಗಿಟಕು ಅಂತ ಹೆಬ್ಬೆರಳೆತ್ತಿದ. ಅದೇ ಕಾಯಿಯನ್ನು ಸೊಸೆಗೆ ಕೊಟ್ಟರು. ಅವಳೂ ಹೆಬ್ಬೆರಳೆತ್ತಿದಳು. ಅತ್ತೆಗೆ ಕೊಡಲು ಹೋದರೆ ಅತ್ತೆ, "ನಲವತ್ತೈದು ವರ್ಸದಲ್ಲಿ ನಂಬ್ದೆ ಇದ್ದೋರು ಇವತ್ತು ನನ್ನ ಕೇಳ್ಬೇಡಿ" ಅಂತ ಮುಖ ತಿರುಗಿಸಿದರು. ಕಾಯಿ ನನ್ನ ಕೈಗೆ ಬಂತು.

ಅಲ್ಲಾಡಿಸಿದೆ. ಗುಳುಗುಳು ಅಂದಿತು. ನೀರು.

ಮಾವನ ಬೆನ್ನ ಹಿಂದೆ ಅವರ ಮಗ ಹೂಂ ಅನ್ನು, ಹೂಂ ಅನ್ನು ಅಂತ ಕಣ್ಣಿನಲ್ಲೇ ಬೇಡಿಕೊಳ್ಳುತ್ತಿದ್ದ. ಮಾವ ನನ್ನ ಬಾಯನ್ನೇ ನೋಡುತ್ತಿದ್ದರು. ಆ ನೋಟದ ಮುಂದೆ ಹೆಬ್ಬೆರಳು ಏಳಲಿಲ್ಲ. ಇಷ್ಟು ವರ್ಷ ಯಾರ ಮಾತನ್ನೂ ಸುಲಭಕ್ಕೆ ಒಪ್ಪದ ಮನುಷ್ಯನನ್ನು ಇವತ್ತು ನಾವೆಲ್ಲ ಸೇರಿ ಮಗುವಿನ ಹಾಗೆ ನಂಬಿಸಿ ಕೂರಿಸುವುದೇ? ನನಗೆ ಆಗಲಿಲ್ಲ. ಇಲ್ಲ ಅಂತ ತಲೆಯಾಡಿಸಿದೆ. ಇನ್ನೂ ನೀರಿದೆ ಮಾವ ಅಂತ ತುಟಿ ಬಿಡಿಸಿ ನಿಧಾನವಾಗಿ ಹೇಳಿದೆ.

ಮಾವ ಕಾಯಿಯನ್ನು ನನ್ನ ಕೈಯಿಂದ ತೆಗೆದುಕೊಂಡು ಮಚ್ಚಿನಿಂದ ಒಂದೇ ಏಟು ಹಾಕಿದರು. ನೀರು ಅಂಗಳದ ಮಣ್ಣಿಗೆ ಸುರಿಯಿತು. ಮಗನೂ ಸೊಸೆಯೂ ನೆಲ ನೋಡಿದರು. ಮಾವನಿಗೆ ಮೊದಲೇ ಗೊತ್ತಿತ್ತು ಅಂತ ನನಗೆ ಆಗ ಹೊಳೆಯಿತು. ಕಿವಿ ಹೋಗಿರಬಹುದು, ಕೈಯ ತೂಕ ಎಲ್ಲಿ ಹೋಗುತ್ತದೆ? ಬೇಕೆಂದೇ ಭಾರವಾದದ್ದನ್ನು ಆರಿಸಿದ್ದರು. ಅಲ್ಲಾಡಿಸಿ ನೋಡುತ್ತಿದ್ದದ್ದು ಕಾಯಿಯನ್ನಲ್ಲ, ನಮ್ಮನ್ನು.

ಮಾವ ಯಾರನ್ನೂ ಬೈಯಲಿಲ್ಲ. ಟವಲನ್ನು ನೆಲಕ್ಕೆ ಹಾಸಿ ಕುಂತ್ಕ ಅಂತ ನನಗೆ ಸನ್ನೆ ಮಾಡಿದರು. ಒಂದೊಂದೇ ಕಾಯಿ ಎತ್ತಿ ನನ್ನ ಕೈಗೆ ಕೊಡತೊಡಗಿದರು. ನಾನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುವುದು, ಗಿಟಕು ಅಂದರೆ ಹೆಬ್ಬೆರಳು, ಇಲ್ಲ ಅಂದರೆ ತಲೆ. ಅವರು ಅದನ್ನು ಬಲಕ್ಕೋ ಎಡಕ್ಕೋ ಇಡುವುದು. ಐದಾರು ಕಾಯಿ ಆದ ಮೇಲೆ ನನಗೆ ಏನೋ ತಪ್ಪಿದೆ ಅನ್ನಿಸಿತು. ಏನು ಅಂತ ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ನಾನು ವಾಪಸು ಕೊಟ್ಟ ಕಾಯಿಯನ್ನು ಮಾವ ತೂಗುತ್ತಿರಲಿಲ್ಲ, ಅಲ್ಲಾಡಿಸುತ್ತಿರಲಿಲ್ಲ, ಕಿವಿಯ ಹತ್ತಿರವೂ ತರುತ್ತಿರಲಿಲ್ಲ. ನಾನು ಹೇಳಿದ ಕಡೆ ಸುಮ್ಮನೆ ಇಡುತ್ತಿದ್ದರು.

ನನ್ನ ಕೈ ನಿಂತಿತು. ಕಾಯಿ ಹಿಡಿದುಕೊಂಡು ಅವರ ಮುಖವನ್ನೇ ನೋಡಿದೆ. ಯಾಕೆ ನೋಡುತ್ತಿದ್ದೇನೆ ಅಂತ ಅವರಿಗೆ ಗೊತ್ತಾಯಿತು. ಮುಂದಿನ ಕಾಯಿಗೆ ಕೈ ಚಾಚುತ್ತ, ನನ್ನ ಕಡೆ ನೋಡದೆ, ಮಾವ ಹೇಳಿದರು:

"ನೀನ್ ಹುಟ್ದಾಗ್ಲೇ ಅಲ್ಲಾಡ್ಸಿ ನೋಡಿವ್ನಿ ಕಣವ್ವ. ಇನ್ನೇನು ನೋಡಾದು."